ಮುಂಗಡ ಜೋಡಿ

ಕಣ್ಣಾರೆ ಕಂಡದ್ದು ಎಂದು ಎದೆ ತಟ್ಟಿ ಹೇಳುವವರ ಕಥೆಗಳಲ್ಲಿ ಸಾಮಾನ್ಯವಾಗಿ ಅರ್ಧ ಕಂಡದ್ದು, ಇನ್ನರ್ಧ ಕಣ್ಕಟ್ಟು. ಈ ಕಥೆ ಮಾತ್ರ ಪೂರಾ ನಿಜ, ಕಣ್ಣಾಣೆಗೂ ನಿಜ. ಯಾರ ಕಣ್ಣಿನ ಆಣೆ ಎಂದಷ್ಟೇ ಕೇಳಬಾರದು, ಏಕೆಂದರೆ ಕಣ್ಣು ಯಾರದೆಂಬುದೇ ಇಲ್ಲಿನ ರಗಳೆ.

ಬೆಳಿಗ್ಗೆ ಎಚ್ಚರವಾದಾಗ ಅವನ ಬಲರೆಪ್ಪೆ ಕಣ್ಣಿಗೆ ಅಂಟಿಕೊಂಡಿತ್ತು. ಲಕೋಟೆಯಿಂದ ಅಂಚೆಚೀಟಿ ಕೀಳುವ ಹಾಗೆ ಮೆಲ್ಲಗೆ ಬಿಡಿಸಿಕೊಳ್ಳಬೇಕು. ಅವಸರ ಮಾಡಿದರೆ ಚೀಟಿಯ ಜೊತೆ ಕಾಗದದ ಪದರವೂ ಕಿತ್ತುಬಂದೀತೆಂಬ ಭಯ. ಅವನು ಮಲಗಿದಲ್ಲೇ ಕಾದ. ಅವನ ನಿದ್ದೆಯ ತಳದಲ್ಲಿ ಸದಾ ಒಂದು ಬೂದುಗೆರೆ ಇರುತ್ತಿತ್ತು, ಮುಚ್ಚಿದ ಬಾಗಿಲ ಕೆಳಗಿನ ಸಂದಿಯಿಂದ ಪಕ್ಕದ ಕೋಣೆಯ ಬೆಳಕು ನುಸುಳಿದ ಹಾಗೆ; ಎಲ್ಲರ ನಿದ್ದೆಗೂ ಇಂಥ ಒಂದು ಅಂಚು ಇರುತ್ತದೆಂದು ನಂಬಿಕೊಂಡಿದ್ದ, ಯಾರನ್ನೂ ಕೇಳಿರಲಿಲ್ಲ. ಹೆಂಡತಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ತಂದಳು. "ಆರೋದ್ರೊಳಗೆ ಇಟ್ಕೊಳ್ಳಿ. ನಿನ್ನೆ ಹಾಗೆ ಇಟ್ಟ ಶಾಸ್ತ್ರ ಮಾಡಿ ತೆಗೀಬೇಡಿ, ನಾನೇನು ನೋಡ್ತಿರಲ್ಲ ಅಂದ್ಕೊಂಡ್ರಾ?" ಬಟ್ಟೆಯ ಕಾವು ರೆಪ್ಪೆಯೊಳಗೆ ಇಳಿಯುತ್ತಿದ್ದಂತೆ ಆಸ್ಪತ್ರೆಯ ಕತ್ತಲೆಕೋಣೆ ಮತ್ತೆ ನೆನಪಿಗೆ ಬಂತು. ಡಾಕ್ಟರಮ್ಮ ಹಳದಿ ಹನಿ ಹಾಕಿ, ನೀಲಿ ದೀಪ ಹಿಡಿದು, "ಈಗ ರೆಪ್ಪೆ ಮಿಟುಕಿಸ್ಬೇಡಿ" ಎಂದಿದ್ದರು. ಅದೊಂದು ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪಕ್ಕದ ಪರದೆಯ ಮೇಲೆ ಅವನದೇ ಕಣ್ಣು ತಟ್ಟೆಯಷ್ಟಗಲವಾಗಿ ಹೊಳೆಯಿತು, ನೋಡನೋಡುತ್ತ ಆ ಹೊಳಪಿನಲ್ಲಿ ಕಪ್ಪು ತೇಪೆಗಳು ಎದ್ದವು. "ನೋಡಿದ್ರಾ, ಎಷ್ಟು ಬೇಗ ಆರಿಹೋಯ್ತು! ನೀರಿಲ್ಲ ಅಂತಲ್ಲ. ನೀರಿನ ಮೇಲೆ ತೆಳ್ಳಗೆ ಎಣ್ಣೆ ಪದರ ಇರ್ಬೇಕು, ಅದು ಮುಚ್ಚಳ ಇದ್ದ ಹಾಗೆ. ರೆಪ್ಪೆ ಅಂಚಲ್ಲಿರೋ ಎಣ್ಣೆ ಗ್ರಂಥಿಗಳು ಕಟ್ಕೊಂಡಿವೆ." ಅವರು ರೆಪ್ಪೆಯ ಅಂಚನ್ನು ಒತ್ತಿದಾಗ ಎಣ್ಣೆಯ ಬದಲು ಟೂತ್‌ಪೇಸ್ಟಿನಂಥದೇನೋ ಹೊರಬಂತು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದವನ ಕಣ್ಣಲ್ಲಿ ಎಣ್ಣೆಯೇ ಇಲ್ಲವೆಂದರೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕೆಲಸ ಏನು ಎಂದು ಕೇಳಿದರು. ಅಂಗಡಿ, ಎಂದ. ಕೆಂಪು ಕಳೆಯುವ ಹನಿ ಏನಾದರೂ ನೀವಾಗಿಯೇ ಕೊಂಡು ಹಾಕಿಕೊಳ್ಳುತ್ತೀರಾ, ಅದು ಮೊದಮೊದಲು ಬಿಳಿ ಮಾಡಿ ಆಮೇಲೆ ಇನ್ನಷ್ಟು ಕೆಡಿಸುತ್ತದೆ, ಎಂದರು. ಇಲ್ಲ, ಎಂದ, ಸೀಸೆ ಜೇಬಿನಲ್ಲೇ ಇತ್ತು. ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತದೆಯೆ? "ಮುಚ್ದೆ ಇನ್ನೇನು, ಮೇಡಂ?" ಅಷ್ಟು ಹೊತ್ತಿನಲ್ಲಿ ಅವನು ಸತ್ಯವೆಂದು ನಂಬಿ ಹೇಳಿದ್ದು ಅದೊಂದನ್ನೇ. ಕೊನೆಗೆ ಡಾಕ್ಟರಮ್ಮ ನರ್ಸಿನ ಕಡೆ ತಿರುಗಿ, "ಎರಡೂ ಕೆಟ್ಟಿದೆ, ಬರ್ಕೋ" ಎಂದರು. ಅವನ ಕಡೆ ತಿರುಗಿ, "ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ ಇದು, ದಿನಾ ನೋಡ್ಕೋಬೇಕು" ಎಂದರು. ಎರಡೂ. ವಾಸಿಯಾಗದು. ಅವರು ಗ್ರಂಥಿಗಳ ಮಾತಾಡುತ್ತಿದ್ದರೇನೋ. ಕೇಳಬೇಕಾದ ಒಂದೇ ಪ್ರಶ್ನೆಯನ್ನು ಕೇಳದೆ ಅವನು ಎದ್ದು ಬಂದಿದ್ದ.

ಕೆಲಸಕ್ಕೆ ನಡೆದು ಹೋಗುವಾಗ ಗಾಳಿ ಎದುರಿನಿಂದ ಬೀಸಿತು, ಕಣ್ಣು ಸುರಿಯತೊಡಗಿತು. ಒಣಗಿದ ಕಣ್ಣೇ ಹೀಗೆ ಸುರಿಯುವುದು ಎಂದರೆ ಯಾರು ನಂಬುತ್ತಾರೆ? ಉರಿಗೆ ಸಿಟ್ಟಾಗಿ ಬರುವ ಆ ನೀರಿನಿಂದ ಮೂರುಕಾಸಿನ ಪ್ರಯೋಜನವಿಲ್ಲ, ಬಂದಷ್ಟೇ ಬೇಗ ಜಾರಿಹೋಗುತ್ತದೆ, ಎಂದು ಡಾಕ್ಟರಮ್ಮ ಹೇಳಿದ್ದರು. ಕಟ್ಟಡದ ಕಾವಲುಗಾರ ಕುರ್ಚಿಯಿಂದ ಅರ್ಧ ಎದ್ದು, ದನಿ ತಗ್ಗಿಸಿ, "ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ ಸಾರ್?" ಎಂದ. ಇಲ್ಲವೆಂದರೆ ಅವನ ಅನುಕಂಪ ದಂಡವಾಗುತ್ತಿತ್ತು. "ಹೂಂ, ಸ್ವಲ್ಪ" ಎಂದುಬಿಟ್ಟ. ಮೆಟ್ಟಿಲು ಹತ್ತುತ್ತ, ಮನೆಯಲ್ಲಿ ಯಾರಿಗೆ ಏನಾಯಿತೆಂದು ಈಗ ಕಲ್ಪಿಸಿಕೊಳ್ಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಎರಡನೇ ಮಹಡಿಯಲ್ಲಿದ್ದದ್ದು ಕೃತಕ ಕಣ್ಣು ಮಾಡುವ ಕಾರ್ಖಾನೆ. ಕಾರ್ಖಾನೆ ಎನ್ನುವುದು ಯಜಮಾನರ ದೊಡ್ಡ ಮಾತು. ಎರಡು ಕೋಣೆ, ನಡುವೆ ಪ್ಲೈವುಡ್ಡಿನ ಗೋಡೆ. ಜನ ಗೋಲಿಯಂಥ ಕಣ್ಣು ಕಲ್ಪಿಸಿಕೊಂಡು ಬರುತ್ತಾರೆ. ಕೈಗೆ ಸಿಗುವುದು ಹಲ್ಲುಸೆಟ್ಟಿನ ಪ್ಲಾಸ್ಟಿಕ್ಕಿನಲ್ಲೇ ಎರೆದ ಒಂದು ಚಿಪ್ಪು. ಆ ಬಿಳಿ ಚಿಪ್ಪಿನ ಮೇಲೆ ಪಾಪೆಯ ಬಣ್ಣ ಬರೆಯುವುದು, ರೇಷ್ಮೆಯ ಕೆಂಪೆಳೆಗಳನ್ನು ಸೀಳಿ ಸೀಳಿ ರಕ್ತನಾಳಗಳನ್ನು ಮಲಗಿಸುವುದು ಅವನ ಕೆಲಸ, ಹಾಗಾಗಿ ಎಲ್ಲರಿಗೂ ಅವನು ಮೇಷ್ಟ್ರು. ಕಿಟಕಿ ಪಕ್ಕದ ಮೇಜು ಅವನದು. ಗಿರಾಕಿ ಎದುರು ಕೂರುತ್ತಾರೆ. ಅವರ ಉಳಿದ ಒಂದು ಕಣ್ಣನ್ನು ನೋಡಿ ಕಳೆದುಹೋದದ್ದರ ಜೋಡಿ ಮಾಡಬೇಕು. ಕಣ್ಣಲ್ಲಿ ಕಣ್ಣಿಟ್ಟು ಮಾಡುವ ಕೆಲಸ ಎಂದು ಎಲ್ಲರೂ ಬಾಯಿಮಾತಿಗೆ ಹೇಳಿದರೆ, ಅವನು ಅದನ್ನೇ ಕಸುಬಾಗಿ ಮಾಡಿದವನು. ಕಲಿಸಿದ ಗುರುಗಳು, ನೋಡುವಾಗ ರೆಪ್ಪೆ ಮಿಟುಕಿಸಬೇಡ, ಮಿಟುಕಿಸಿದರೆ ಆಚೆಯ ಬಣ್ಣ ಬೇರೆ ಈಚೆಯ ಬಣ್ಣ ಬೇರೆ, ಎನ್ನುತ್ತಿದ್ದರು. ಅವನು ಅಷ್ಟರಮಟ್ಟಿಗೆ ಕಲಿತ. ಎದುರು ಕೂತ ಮಕ್ಕಳು ಅವನ ನೋಟಕ್ಕೆ ಹೆದರಿ ಅತ್ತದ್ದುಂಟು. ಒಂದೇ ಒಂದು ಬಗೆಯ ಗಿರಾಕಿಗೆ ಈ ಲೆಕ್ಕ ನಡೆಯುವುದಿಲ್ಲ: ಎರಡೂ ಕಣ್ಣು ಹೋಗಲಿರುವವರು. ಅವರಿಗೆ ನೋಡಿ ಬರೆಯಲು ಆಮೇಲೆ ಏನೂ ಉಳಿಯುವುದಿಲ್ಲವಾದ್ದರಿಂದ, ಆಪರೇಷನ್ನಿಗೆ ಮೊದಲೇ, ಕಣ್ಣಿನ್ನೂ ಇರುವಾಗಲೇ, ಎರಡನ್ನೂ ಬರೆದಿಡಬೇಕು. ಕಾರ್ಖಾನೆಯಲ್ಲಿ ಅದಕ್ಕೆ ಮುಂಗಡ ಜೋಡಿ ಎನ್ನುತ್ತಾರೆ. ಅಂಥ ಗಿರಾಕಿಗಳು ತಮ್ಮ ಜೋಡಿಯನ್ನು ಅಂಗೈಯಲ್ಲಿಟ್ಟು ನೋಡುವ ನೋಟವನ್ನು ಅವನು ಕಂಡಿದ್ದ. ತಮ್ಮನ್ನೇ ತಾವು ಬೀಳ್ಕೊಡುವ ನೋಟ ಅದು.

ಹೋದ ವಾರ ಅವನ ಕನ್ನಡಕದ ಪೆಟ್ಟಿಗೆಯಲ್ಲಿ ಒಂದು ಕಣ್ಣು ಸಿಕ್ಕಿತ್ತು. ಬಲಗಣ್ಣು, ಕಂದು ಪಾಪೆ, ಅದರ ಕೆಳಗಿನ ಅಂಚಿನಲ್ಲಿ ಜೇನುಬಣ್ಣದ ಒಂದು ಚೂರು. ಮೊದಲು ಟೇಪುವಿನ ಕಿತಾಪತಿ ಎಂದುಕೊಂಡ. ಟೇಪು ಅಚ್ಚು ಎರೆಯುವವನು. ಯಾರ ದನಿಯನ್ನಾದರೂ ಟೇಪ್‌ರೆಕಾರ್ಡರಿನ ಹಾಗೆ ಹಿಡಿದು ತಿರುಗಿಸಿ ಬಿಡುತ್ತಿದ್ದನಾದ್ದರಿಂದ ಆ ಹೆಸರು. ಯಜಮಾನರ ದನಿಯಲ್ಲಿ ಯಜಮಾನರಿಗೇ ಫೋನು ಮಾಡಿ ರಜ ಕೇಳಿದ್ದಾನೆಂದು ಪ್ರತೀತಿ. ಆದರೆ ಕೆಟ್ಟು ಬಿಸಾಡಿದ ಕಣ್ಣುಗಳನ್ನು ಚಹಾದ ಲೋಟದಲ್ಲಿ ಹಾಕುವುದು ಅವನ ಮಟ್ಟ, ಇದು ಬಿಸಾಡಿದ್ದಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಎಳೆಗಳು ಮಲಗಿದ ರೀತಿ, ಕವಲೊಡೆಯುವ ಕಡೆ ಚೂರು ಬಾಗಿ ಹೋಗುವ ಸೋಂಬೇರಿತನ, ಎಲ್ಲ ಅವನ ಕೈಯದೇ. ಆ ಜೇನುಬಣ್ಣದ ಚೂರನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಮಧ್ಯಾಹ್ನ ಕೈತೊಳೆಯಲು ಹೋದಾಗ ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಅದು ಅವನನ್ನು ನೋಡುತ್ತಿತ್ತು. ಅವನೇ ಮಾಡಿದ್ದನೆ? ಯಾವಾಗ? ಮಾಡಿದ ನೆನಪಿಲ್ಲದಿದ್ದರೆ ಮಾಡಿಸಿದವರು ಯಾರು? ಆಸ್ಪತ್ರೆಯಿಂದ ಯಜಮಾನರಿಗೆ ಸುದ್ದಿ ಬಂದಿರಬಹುದು. ಗಿರಾಕಿಗಳನ್ನು ಕಳಿಸುವ ಆಸ್ಪತ್ರೆ ಅದೇ ತಾನೆ. ಒಂದೇ ಕಣ್ಣಾದರೆ ಚಿಂತೆಯಿಲ್ಲ ಎಂದು ಅವನು ಒಂದು ವಾರ ತನಗೆ ತಾನೇ ಹೇಳಿಕೊಂಡ. ಒಂದೇ ಕಣ್ಣಿಗೆ ಯಾರೂ ಮುಂಗಡ ಮಾಡಿಸುವುದಿಲ್ಲ.

ಈ ಬೆಳಿಗ್ಗೆ ಕುಂಚಗಳ ಡಬ್ಬಿಯ ತಳದಲ್ಲಿ ಎಡಗಣ್ಣು ಇತ್ತು.

ಅವನು ಅದನ್ನು ಎಡಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡ. ಅದು ತಣ್ಣಗಿತ್ತು, ನುಣ್ಣಗಿತ್ತು, ಮೆರುಗು ಹಾಕಿದ್ದರಿಂದ ಒದ್ದೆಯಾಗಿರುವಂತೆ ಹೊಳೆಯುತ್ತಿತ್ತು. ಅವನ ಎರಡೂ ಕಣ್ಣಿಗಿಂತ ಅದೇ ಹೆಚ್ಚು ಒದ್ದೆಯಾಗಿತ್ತು. ಬಾಗಿಲ ಬಳಿಯ ಮೇಜಿನಿಂದ ಅಕ್ಕನ ಮಗಳು, "ಮಾವ, ಚಹಾ ಆರ್ತಾ ಇದೆ" ಎಂದಳು. ಅವಳು ಅವನ ಕೈಕೆಳಗೇ ಕಲಿತವಳು, ಇನ್ನೂ ಹಳೆಯ ಕಣ್ಣುಗಳ ತೇಪೆಕೆಲಸ ಮಾತ್ರ ಅವಳ ಪಾಲಿಗೆ. ಎದುರು ಗಿರಾಕಿ ಕೂರಿಸಿಕೊಳ್ಳುವ ಹಕ್ಕು ಬಂದಿರಲಿಲ್ಲ. ಅವಳ ಮುಖ ನೋಡಿದ. ಮುಖದ ಮಧ್ಯೆ ಮಂಜು ಕೂತಿತ್ತು, ರೆಪ್ಪೆ ಹೊಡೆದ, ತಿಳಿಯಾಯಿತು, ಮತ್ತೆ ಮಂಜಾಯಿತು. ಅವಳಿಗೂ ಗೊತ್ತಿದೆ. ಚಹಾ ಆರುತ್ತಿದೆ ಎಂದ ದನಿಯಲ್ಲಿ, ಕಾಯಿಲೆಯವರ ಎದುರು ಜನ ಬೇಕೆಂದೇ ತರುವ ಆ ಸಲೀಸುತನವಿತ್ತು. "ಯಾಕೆ ಮೇಷ್ಟ್ರೇ, ಪ್ರಾಣ ಹೋದವರ ಹಾಗೆ ಕೂತಿದ್ದೀರಿ? ನೋಡಿ, ಕಣ್ಣು ಕೆಂಪಗೆ ಕೆಂಡ!" ಎಂದು ಟೇಪು ತಲೆ ಹಾಕಿದ. ಅದು ಥೇಟ್ ಮೇಷ್ಟ್ರ ಹೆಂಡತಿಯ ದನಿ. "ಹೋಗೋ, ಅಚ್ಚು ಒಲೆ ಮೇಲಿದೆ" ಎಂದ. "ಹೋಗೋ, ಅಚ್ಚು ಒಲೆ ಮೇಲಿದೆ" ಎಂದಿತು ಗೋಡೆಯಾಚೆಯಿಂದ ಅವನದೇ ದನಿ.

ಗಿರಾಕಿ ಬಂದರು. ಅಕ್ಕನ ಮಗಳು ಎದ್ದು ಆಚೆ ಕೋಣೆಗೆ ಹೋದಳು. ಯಾವುದೋ ಶಾಲೆಯ ಟೀಚರು, ಮಾತುಗಾತಿ. ಹಳೆಯ ಚಿಪ್ಪು ಸಡಿಲವಾಗಿ ಹೊಸದಕ್ಕೆ ಬಂದವರು. ಅವನು ಎದುರು ಕೂತು, ಅವರ ನಿಜವಾದ ಕಣ್ಣಿನೊಳಗೆ ನೋಟ ನೆಟ್ಟ. ಮಾಮೂಲಿನಂತೆ ಮೊದಲು ಅಂಚಿನ ಬೂದುಬಳೆ ಕಾಣಬೇಕು, ಆಮೇಲೆ ಒಳಗಿನ ಎಳೆಗಳು. ಬಳೆ ಕಂಡಿತು, ಕರಗಿತು. ಇನ್ನಷ್ಟು ಬಿಗಿಹಿಡಿದ. ಬಿಗಿಹಿಡಿದಷ್ಟೂ ಅದು ಬಚ್ಚಲಿನ ಗಾಜಿನಾಚೆ ನಿಂತವರ ಹಾಗೆ ಹಿಂದೆ ಹಿಂದೆ ಸರಿಯಿತು. ಒಂದು ಹನಿ ಹಾಕಿಕೊಂಡರೆ ತಿಳಿಯಾಗುತ್ತಿತ್ತು. ಆದರೆ ಗಿರಾಕಿಯ ಎದುರು ಹನಿ ಹಾಕಿಕೊಳ್ಳುವ ಕಣ್ಣಿನ ಮೇಷ್ಟ್ರು ಎಂದರೆ, ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗಲ್ಲವೆ. ಕುಂಚ ಹಿಡಿದ ಕೈ ಸುಮ್ಮನೆ ಬಣ್ಣ ಕಲಸುತ್ತಿತ್ತು. ಕಲಸಿದ ಬಣ್ಣದಲ್ಲಿ ಜೇನು ಹೆಚ್ಚಾಗಿದೆ ಎಂದು ಗಾಬರಿಯಾಗಿ ಒರೆಸಿದ. ಅಷ್ಟರಲ್ಲಿ ಟೀಚರು, "ಒಂದು ನಿಮಿಷ ಇವ್ರೇ" ಎಂದು ಕೈಚೀಲದಿಂದ ಪುಟ್ಟ ಸೀಸೆ ತೆಗೆದು, ತಲೆ ಹಿಂದಕ್ಕೆ ಚೆಲ್ಲಿ, ಪ್ಲಾಸ್ಟಿಕ್ ಕಣ್ಣಿಗೆ ಒಂದು ಹನಿ, ನಿಜದ ಕಣ್ಣಿಗೆ ಒಂದು ಹನಿ ಬಿಟ್ಟುಕೊಂಡರು. "ಎರಡಕ್ಕೂ ಬಾಯಾರಿಕೆ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಹಾಕ್ದಿದ್ರೆ ಜಗಳ ಆಡ್ತವೆ. ಅದಿರಲಿ, ಬಂದಾಗಿಂದ ನೋಡ್ತಿದ್ದೀನಿ, ನೀವು ರೆಪ್ಪೇನೇ ಹೊಡಿಯಲ್ವಲ್ಲ! ನಮ್ಮಿಬ್ಬರಲ್ಲಿ ಪ್ಲಾಸ್ಟಿಕ್ ಕಣ್ಣು ಯಾರದ್ದು ಅಂತ ನಂಗೇ ಅನುಮಾನ ಬಂತು." ಅವನು ನಗಲು ನೋಡಿದ. ತುಟಿ ಮಾತ್ರ ಹೋಯಿತು, ಕಣ್ಣು ಇದ್ದಲ್ಲೇ ಇತ್ತು.

ಆಗ ಪ್ಲೈವುಡ್ಡಿನಾಚೆಯಿಂದ ಯಜಮಾನರ ದನಿ ಕೇಳಿತು, ಗಂಟಲಲ್ಲಿ ಕಫ ಕೂತ ಆ ಗುಡುಗು, ಪಿಸುಮಾತಿಗೆ ಇಳಿದದ್ದು: "ಮೇಷ್ಟ್ರ ಜೋಡಿ ಪೂರ್ತಿ ಆಯ್ತೇನಮ್ಮ? ಎರಡೂ? ಹಾಂ, ಸದ್ಯಕ್ಕೆ ಅವರಿಗೆ ಗೊತ್ತಾಗೋದು ಬೇಡ." ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಸದ್ದು. ಅದು ಅಳು ಎಂದು ಅವನಿಗೆ ಅನ್ನಿಸಿತು. ಕಿಟಕಿಯ ಬೆಳಕು ಮೇಜಿನ ಮೇಲೆ ಎಂದಿನ ಹಾಗೇ ಬಿದ್ದಿತ್ತು, ಬಣ್ಣದ ಬಟ್ಟಲುಗಳು ಎಂದಿನ ಹಾಗೇ ಇದ್ದವು, ಆದರೆ ಎಲ್ಲವೂ ಈಗಾಗಲೇ ಅವನು ಹೋದ ಮೇಲಿನವು. ಗುರುಗಳು ಹೋದ ಮೇಲೆ ಈ ಕುರ್ಚಿಯಲ್ಲಿ ಮೊದಲ ಸಲ ಕೂತಾಗ ಅದರ ದಿಂಬಿನಲ್ಲಿ ಇನ್ನೊಬ್ಬರ ಗುಂಡಿ ಇತ್ತು, ತುಂಬ ದಿನ ಆ ಗುಂಡಿಯ ಅಂಚಿನಲ್ಲೇ ಕೂರುತ್ತಿದ್ದ. ಗುಂಡಿ ಯಾವಾಗ ತನ್ನದಾಯಿತೆಂದು ತಿಳಿಯಲೇ ಇಲ್ಲ. ವಾರದಿಂದ ಜೊತೆಗಿಟ್ಟುಕೊಂಡಿದ್ದ ಬಲಗಣ್ಣನ್ನು ಜೇಬಿನಿಂದ ತೆಗೆದ, ಎಡಮುಷ್ಟಿ ಬಿಚ್ಚಿ ಎಡಗಣ್ಣು ತೆಗೆದ, ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟ. ಟೀಚರು ಒಮ್ಮೆ ಆ ಕಣ್ಣುಗಳನ್ನು ನೋಡಿದರು, ಒಮ್ಮೆ ಅವನನ್ನು ನೋಡಿದರು. ಅವನು ಎದ್ದು ಬಾಗಿಲಿಗೆ ಹೋಗಿ, "ಬನ್ನಿ ಎಲ್ಲ, ಒಳಗೆ ಬನ್ನಿ" ಎಂದ.

ಬಂದವರು ಇಬ್ಬರೇ. ಟೇಪು, ಅವನ ಹಿಂದೆ ಅಕ್ಕನ ಮಗಳು, ಇಬ್ಬರ ಮುಖದಲ್ಲೂ ಇನ್ನೇನು ಒಡೆಯಲಿರುವ ನಗು. "ಯಜಮಾನರೆಲ್ಲಿ?" ಎಂದ. "ಅವರು ಬೆಳಿಗ್ಗೆಯಿಂದ ಬಂದೇ ಇಲ್ಲ" ಎಂದು ಟೇಪು ಯಜಮಾನರ ಗುಡುಗಿನಲ್ಲೇ ಹೇಳಿ ಹಲ್ಲು ಕಿರಿದ. ಅದು ಮೇಷ್ಟ್ರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಯಾವಾಗ ಅಂತೆ?" ಎಂದು ಕೇಳಿದ.

"ಏನು ಯಾವಾಗ, ಮಾವ?"

"ನನ್ನ ಕಣ್ಣು ತೆಗೆಯೋದು. ಎರಡೂ ಹೋಗುತ್ತೆ ಅಂತ ಆಸ್ಪತ್ರೆಯವರು ಹೇಳಿರ್ಬೇಕಲ್ಲ. ಮುಂಗಡ ಜೋಡಿ ಮಾಡಿಸಿಟ್ಟಿದ್ದೀರಿ. ಮಾಡಿದ್ದು ನಾನೇನಾ? ಅದನ್ನಾದ್ರೂ ಹೇಳಿ. ನಂಗೆ ನೆನಪೇ ಆಗ್ತಿಲ್ಲ."

ಟೇಪುವಿನ ಹಲ್ಲು ಒಳಗೆ ಹೋಯಿತು. ಅಕ್ಕನ ಮಗಳು ಮುಂದೆ ಬಂದಳು. "ಅಯ್ಯೋ ಮಾವ! ಏನು ಮಾತು ಅಂತ ಆಡ್ತೀರಿ? ಅದು ನಾನು ಬರೆದಿದ್ದು. ಗಿರಾಕಿ ಕೊಡಿ ಅಂತ ಯಜಮಾನರನ್ನ ಕೇಳ್ದೆ. ನಿನ್ನ ಮಾವನ ಕಣ್ಣು ಬರೆದು ಅವರ ಮುಂದಿಡು, ಇದು ಬೇರೆಯವರ ಕೈ ಅಂತ ಅವರು ಹಿಡಿದ್ರೆ ನೀನು ಫೇಲು ಅಂದ್ರು. ನೀವು ಹಿಡಿದು ಬೈತೀರಿ ಅಂತ ಒಂದು ವಾರದಿಂದ ಕಾಯ್ತಾ ಇದ್ದೀವಿ. ಇವನು ಮಾತ್ರ ಮಧ್ಯೆ ಯಜಮಾನರ ದನಿ ತೆಗೆದು ತಲೆಹರಟೆ ಮಾಡ್ದ. ನಿಮ್ಮ ಕಣ್ಣಿಗೇನಾಗಿದೆ? ನಮಗೇನೂ ಗೊತ್ತೇ ಇಲ್ಲ!"

ಅವನು ಹೇಳಿದ. ನೀಲಿ ದೀಪ, ಕಪ್ಪು ತೇಪೆ, ಎಣ್ಣೆಯಿಲ್ಲದ ರೆಪ್ಪೆ, ಎರಡೂ ಕೆಟ್ಟಿದೆ ಎಂದದ್ದು, ಅಂಗಡಿ ಎಂದು ಸುಳ್ಳು ಹೇಳಿದ್ದು. ಹೇಳುತ್ತ ಹೇಳುತ್ತ ಅದು ಎಷ್ಟು ಚಿಕ್ಕದಾಗಿ ಕಂಡಿತೆಂದರೆ, ಬಚ್ಚಿಟ್ಟದ್ದಕ್ಕೇ ನಾಚಿಕೆಯಾಯಿತು. "ಇಷ್ಟೇನಾ?" ಎಂದರು ಟೀಚರು. "ನಂಗಿಲ್ವಾ ಅದು? ಉಳಿದಿರೋದೇ ಒಂದು ಕಣ್ಣು, ಅದಕ್ಕೂ ಅದೇ ಕಾಯಿಲೆ. ಬಿಸಿಬಟ್ಟೆ, ಹನಿ, ಫ್ಯಾನಿಗೆ ಮುಖ ಕೊಡದಿರೋದು, ನೆನಪಿಟ್ಟು ರೆಪ್ಪೆ ಹೊಡಿಯೋದು. ಕಾಟ ಕೊಡುತ್ತೆ, ಹಾಗಂತ ಹೋಗಿಬಿಡಲ್ಲ ಕಣ್ರೀ. ನಿಜ ಹೇಳಿದ್ರೆ ಡಾಕ್ಟ್ರು ಸರಿಯಾದ ಔಷಧಿ ಕೊಡ್ತಾರೆ. ಅಂಗಡಿಯವನ ಕಣ್ಣಿಗೆ ಕೊಟ್ಟಿದ್ದು ನಿಮ್ಮ ಕಣ್ಣಿಗೆ ಹೇಗೆ ಹತ್ತುತ್ತೆ?"

ಅವನು ಮೇಜಿನ ಮೇಲಿನ ಜೋಡಿಯನ್ನು ನೋಡಿದ. ಭಯ ಇಳಿದ ಜಾಗದಲ್ಲಿ ಬೇರೊಂದು ತಣ್ಣನೆಯದು ಏರಿತು. "ಈ ಜೇನಿನ ಚೂರು," ಎಂದ, "ಇದು ಕೆಳಗಿನ ಅಂಚಲ್ಲಿದೆ. ಹತ್ತಿರ ಕೂತು, ಬೆಳಕು ಬಿಟ್ಟು ನೋಡದೆ ಇದು ಕಾಣಲ್ಲ. ನೀನು ಒಂದು ದಿನಾನೂ ನನ್ನೆದುರು ಕೂತಿಲ್ಲ. ಎಲ್ಲಿ ನೋಡ್ದೆ?"

ಅವಳು ಟೇಪುವಿನ ಕಡೆ ನೋಡಿದಳು, ಅವನು ನೆಲ ನೋಡಿದ. "ದಿನಾ ಕೂತಿದ್ದೆ, ಮಾವ. ಊಟ ಆದ್ಮೇಲೆ ನೀವು ಆ ಬೆಂಚಿನ ಮೇಲೆ ಮಲಗ್ತೀರಲ್ಲ, ಆವಾಗ. ದೀಪ ಹಿಡ್ಕೊಂಡು, ಭೂತಗನ್ನಡಿ ಹಿಡ್ಕೊಂಡು, ಇಷ್ಟು ಹತ್ತಿರ." ಅಂಗೈಯನ್ನು ತನ್ನ ಮೂಗಿನ ಹತ್ತಿರ ತಂದು ತೋರಿಸಿದಳು. "ಮೇಲಿನ ಅರ್ಧ ನೀವು ಗಿರಾಕಿ ನೋಡುವಾಗ ಪಕ್ಕದಿಂದ ನೋಡಿ ಬರೆದೆ. ಕೆಳಗಿನರ್ಧ ನೀವು ಮಲಗಿದಾಗ. ನೀವು ರೆಪ್ಪೆ ಪೂರ್ತಿ ಮುಚ್ಚೋದೇ ಇಲ್ವಲ್ಲ ನಿದ್ದೇಲಿ. ಅರ್ಧ ಕಣ್ಣು ತೆರೆದೇ ಇರುತ್ತೆ. ಮೊದಲ ದಿನ ಎಚ್ಚರ ಇದ್ದೀರಿ ಅಂದ್ಕೊಂಡು ಮಾತಾಡಿಸ್ದೆ. ನನ್ನನ್ನೇ ನೋಡ್ತಾ ಗೊರಕೆ ಹೊಡೆದ್ರಿ."

ನಿದ್ದೆಯ ತಳದ ಬೂದುಗೆರೆಯಲ್ಲಿ ದೀಪ ಹಿಡಿದ ಹುಡುಗಿಯೊಬ್ಬಳು ಎಷ್ಟೋ ಮಧ್ಯಾಹ್ನ ಬಗ್ಗಿ ನೋಡಿದ್ದಳು. ಅವನ ತೆರೆದ ಕಣ್ಣಿನೆದುರೇ ಅದು ನಡೆದಿತ್ತು, ಅವನು ಕಂಡಿರಲಿಲ್ಲ. ಕಣ್ಣು ಕಂಡಿತ್ತೇನೋ. ಮದುವೆಯಾದ ಹೊಸದರಲ್ಲಿ ಹೆಂಡತಿ, "ಮಲಗ್ರಿ, ಎಷ್ಟು ಅಂತ ನೋಡ್ತೀರಿ ನನ್ನ" ಎಂದು ನಾಚಿಕೊಂಡದ್ದು, ಕೆಲವು ತಿಂಗಳಾದ ಮೇಲೆ ಅದನ್ನೇ ಸಿಟ್ಟಿನಲ್ಲಿ ಹೇಳಿದ್ದು, ಆಮೇಲೆ ಏನೂ ಹೇಳದೆ ಗೋಡೆಯ ಕಡೆ ತಿರುಗಿ ಮಲಗತೊಡಗಿದ್ದು, ಅದಕ್ಕೆ ಅವನು ಏನೇನೋ ಕಾರಣ ಹುಡುಕಿ ತನ್ನೊಳಗೇ ಕುಗ್ಗಿದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಡಾಕ್ಟರಮ್ಮ ಕೇಳಿದ್ದರಲ್ಲ, ಪೂರ್ತಿ ಮುಚ್ಚುತ್ತದೆಯೆ ಎಂದು. ಅದಕ್ಕೆ ಉತ್ತರ ಹೇಳಬೇಕಾದವನು ಅವನಲ್ಲ, ಅವನು ಮಲಗಿದಾಗ ಎಚ್ಚರವಿದ್ದವರು.

"ಒಣಗದೆ ಇನ್ನೇನಾಗುತ್ತೆ?" ಎಂದರು ಟೀಚರು, ತರಗತಿಯ ದನಿಯಲ್ಲಿ. "ರಾತ್ರಿಯಿಡೀ ಪಾತ್ರೆ ಮುಚ್ಚಳ ತೆಗೆದಿಟ್ಟ ಹಾಗಾಯ್ತು. ಇದನ್ನ ಹೋಗಿ ಹೇಳಿ ಮೊದಲು. ಮಲಗೋವಾಗ ಹಚ್ಚೋಕೆ ಮುಲಾಮು ಕೊಡ್ತಾರೆ. ಬನ್ನಿ, ಕೂತ್ಕೊಳ್ಳಿ." ಕೈಚೀಲದಿಂದ ಹೊಸ ಸೀಸೆಯೊಂದನ್ನು ತೆಗೆದು ಅಕ್ಕನ ಮಗಳ ಕೈಗೆ ಕೊಟ್ಟರು. ಗಿರಾಕಿಯ ಕುರ್ಚಿಯಲ್ಲಿ ಅವನನ್ನು ಕೂರಿಸಿದರು. ಇಷ್ಟು ವರ್ಷದಲ್ಲಿ ಅವನು ಆ ಕಡೆ ಕೂತದ್ದು ಅದೇ ಮೊದಲು. ಅವಳು ಗಲ್ಲ ಹಿಡಿದು ಎತ್ತಿ ಒಂದೊಂದು ಹನಿ ಬಿಟ್ಟಳು. "ಈಗ ಮುಚ್ಚಿ. ಪೂರ್ತಿ. ಅದಲ್ಲ ಪೂರ್ತಿ, ಇನ್ನೂ ಬಿಳಿ ಕಾಣ್ತಿದೆ. ಹಾಂ." ಗೆರೆ ಅಳಿಸಿಹೋಯಿತು. ಅಂಚಿಲ್ಲದ ಕತ್ತಲೆಯನ್ನು ಅವನು ಮೊದಲ ಸಲ ನೋಡಿದ. ಅದು ಎಷ್ಟು ದೊಡ್ಡದಾಗಿತ್ತೆಂದರೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಟೀಚರ ಕಣ್ಣು ನೀನೇ ಬರಿ" ಎಂದ ಕತ್ತಲೆಯೊಳಗಿಂದ. "ಹಿಡಿಯೋಕಾಗ್ಲಿಲ್ಲ ನಂಗೆ. ನನ್ನದೇ ಕೈ ಅಂದ್ಕೊಂಡೆ. ನೀನು ಪಾಸು."

ಬಾಗಿಲ ಕಡೆಯಿಂದ ಯಜಮಾನರ ಗುಡುಗು ಕೇಳಿತು: "ಏನ್ ಮೇಷ್ಟ್ರೇ, ಜೋಡಿ ಸಿಕ್ತಾ? ಹೇಗಿದೆ ನಮ್ಮ ಹುಡುಗಿ ಕೆಲಸ?"

"ಸಾಕು ನಿಲ್ಸೋ ಕತ್ತೆ!" ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಪ್ರಾಣ ತೆಗೆದಿದ್ದು ಸಾಲ್ದಾ? ಆ ಕಫದ ಡಬ್ಬಿ ದನಿ ಇನ್ನೊಂದು ಸಲ ತೆಗೆದ್ರೆ ನಿನ್ನ ಅಚ್ಚಿನ ಒಲೇಲಿ ನಿನ್ನನ್ನೇ ಬೇಯಿಸ್ತೀನಿ. ಸಂಬಳ ಕೊಡೋವಾಗ ಮಾತ್ರ ಸಣ್ಣಗಾಗುತ್ತೆ ಆ ದನಿ, ಅದನ್ನೂ ಮಾಡಿ ತೋರಿಸು ನೋಡೋಣ!"

ಅವನು ಕಣ್ಣು ತೆರೆದ. ಎಲ್ಲವೂ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು: ಬಾಗಿಲಲ್ಲಿ ಯಜಮಾನರು, ಕೈಯಲ್ಲಿ ಛತ್ರಿ, ಅರ್ಧ ತೆರೆದ ಬಾಯಿ, ಅವರ ಪಕ್ಕ, ತುಟಿಗಳನ್ನು ಬಿಗಿಯಾಗಿ ಕಚ್ಚಿ ಹಿಡಿದ ಟೇಪು. ಮೊದಲು ನಕ್ಕವರು ಟೀಚರು. ನಿಜದ ಕಣ್ಣು ಮುಚ್ಚಿಹೋಗುವಷ್ಟು ನಕ್ಕರು, ಪ್ಲಾಸ್ಟಿಕ್ ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು. ಆಮೇಲೆ ಅಕ್ಕನ ಮಗಳು, ಟೇಪು, ಬೇರೆ ದಾರಿಯಿಲ್ಲದೆ ಯಜಮಾನರು. ಕೊನೆಗೆ ಅವನಿಗೂ ನಗು ಬಂತು. ಹೊಟ್ಟೆಯ ತಳದಿಂದ ಎದ್ದದ್ದು, ಅವನಿಗೇ ಗುರುತಿಲ್ಲದ್ದು, ಬೇರೆಯವರ ನಗುವನ್ನೆಲ್ಲ ಮುಳುಗಿಸಿ ಪ್ಲೈವುಡ್ಡಿನ ಗೋಡೆ ಅದುರುವ ಹಾಗೆ. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿ ಅವನ ಕಡೆ ನೋಡಿದರು. ಟೇಪು ಆ ನಗುವನ್ನು ಎತ್ತಿಕೊಳ್ಳಲು ಬಾಯಿ ತೆರೆದ, ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಮುಚ್ಚಿದ. ಅವನು ಗಿರಾಕಿಯ ಕುರ್ಚಿಯಲ್ಲಿ ಹಿಂದಕ್ಕೊರಗಿ, ರೆಪ್ಪೆಗಳನ್ನು ಒತ್ತಿ ಮುಚ್ಚಿಕೊಂಡು, ಒಬ್ಬನೇ ನಗುತ್ತಲೇ ಇದ್ದ.